ತೋಟಕ್ಕೊಂದು ಹಳೆ ಫೋರ್ ವೀಲ್ ಜೀಪು: ಜಿಪ್ಸಿ, ಎಂಎಂ540, ಹಳೆ ಥಾರ್ – ಯಾವುದು ತಗೊಳ್ಳಬಹುದು, ಯಾವುದು ಬೇಡ

ಮಲೆನಾಡಿನ ಜೀಪು ಹಾಳಾಗುವುದು ಓಡಿ ಓಡಿ ಅಲ್ಲ, ಅಡಿಗೆ ಕೆಸರು ಮೆತ್ತಿಕೊಂಡು ಮಳೆಗಾಲವಿಡೀ ನಿಂತು. ಈ ಒಂದು ಮಾತು ತಲೆಯಲ್ಲಿದ್ದರೆ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ) ವ್ಯಾಪಾರದಲ್ಲಿ ಅರ್ಧ ಮೋಸ ತಪ್ಪುತ್ತದೆ. "ಎಸ್ಟೇಟ್ ಗಾಡಿ ಸಾರ್, ಗೇಟ್ ದಾಟಿ ಹೋಗಿದ್ದೇ ಕಮ್ಮಿ, ಮೀಟರ್ ನೋಡಿ" ಎಂದು ಬ್ರೋಕರ್ ಹೇಳಿದರೆ ಹಿಗ್ಗಬೇಡಿ, ಅಲ್ಲಿಂದಲೇ ಅನುಮಾನ ಶುರುವಾಗಬೇಕು. ಮೂಡಿಗೆರೆ, ಸಕಲೇಶಪುರ, ಕೊಪ್ಪದ ತೋಟದಲ್ಲಿ ಹದಿನೈದು ಮಳೆಗಾಲ ಕಳೆದು ನಲವತ್ತು ಸಾವಿರ ಕಿಲೋಮೀಟರ್ ತೋರಿಸುವ ಗಾಡಿಗಿಂತ ಅರಸೀಕೆರೆ, ಕಡೂರು, ಅಜ್ಜಂಪುರದ ಕಡೆ ಒಂದೂವರೆ ಲಕ್ಷ ಓಡಿದ ಗಾಡಿಯ ಚಾಸಿಸ್ (ಅಡಿಯ ಉಕ್ಕಿನ ಚೌಕಟ್ಟು) ಗಟ್ಟಿಯಿರುವ ಸಂಭವವೇ ಹೆಚ್ಚು. ಎಂಜಿನ್ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಒಳಗಿನಿಂದ ತುಕ್ಕು ತಿಂದ ಚಾಸಿಸ್‌ಗೆ ಮಾತ್ರ ಮದ್ದಿಲ್ಲ.

ಹಾಸನ, ಚಿಕ್ಕಮಗಳೂರು ಜಿಲ್ಲೆಯವರಿಗೆ ಇದರಲ್ಲೊಂದು ಅನುಕೂಲವಿದೆ. ಎರಡೂ ಜಿಲ್ಲೆಗಳ ಪಡುವಣ ಭಾಗ ಮಲೆನಾಡು, ಮೂಡಣ ಭಾಗ ಬಯಲುಸೀಮೆ. ಗಾಡಿಯನ್ನು ಮೂಡಣದಲ್ಲಿ ಹುಡುಕಿ, ಪಡುವಣದಲ್ಲಿ ಓಡಿಸಿ. ಆರ್‌ಸಿಯಲ್ಲಿ ಕೆಎ-46 ಇದ್ದರೆ ಸಕಲೇಶಪುರದ ನೋಂದಣಿ, ಹಾಗಾಗಿ ತಪಾಸಣೆಗೆ ಅರ್ಧ ದಿನ ಹೆಚ್ಚು ಇಟ್ಟುಕೊಳ್ಳಿ. ಕೆಎ-13, ಕೆಎ-18 ಇದ್ದರೆ ಯಾವ ತಾಲ್ಲೂಕಿನಲ್ಲಿ ನಿಂತಿತ್ತು ಎಂದು ಕೇಳಲೇಬೇಕು. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಬಾಳಿದ ಗಾಡಿಯನ್ನು ನೋಡಲೂ ಹೋಗಬೇಡಿ ಎನ್ನುವಷ್ಟು ಕಟುವಾಗಿ ಹೇಳಬಹುದು.

ಈ ಬರಹ ಯಾರಿಗೆ ಎಂದರೆ, ನಾಲ್ಕರಿಂದ ಆರು ಲಕ್ಷದೊಳಗೆ ಒಂದು ಫೋರ್ ವೀಲ್ ಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನ್ ಮನೆ (ಕೆಲಸದವರ ವಸತಿ) ತನಕ ಹೋಗಿಬರಬೇಕು, ಗೊಬ್ಬರದ ಮೂಟೆ ಸಾಗಿಸಬೇಕು, ವಾರಕ್ಕೊಮ್ಮೆ ಪೇಟೆಗೂ ಇಳಿಯಬೇಕು ಎನ್ನುವ ಸಣ್ಣ ಬೆಳೆಗಾರರಿಗೆ. ಹಿಂದೆ ಇದೇ ಜೀಪುಗಳು ಶಿಕಾರಿಗೂ ಹೋಗುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಅದು ನಿಂತಿತು. ಇವತ್ತಿಗೂ ಹುಡ್ ಮೇಲೆ ಸರ್ಚ್ ಲೈಟ್ ಕಟ್ಟಿದ ಗಾಡಿ ಮಾರಾಟಕ್ಕೆ ಬಂದರೆ ಮೊದಲು ಆ ಲೈಟ್ ಕಳಚಿಸಿ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್‌ನಲ್ಲಿ ಸುಮ್ಮನೆ ಪ್ರಶ್ನೆಗೆ ಉತ್ತರ ಕೊಡುತ್ತ ನಿಲ್ಲಬೇಕಾಗುತ್ತದೆ.

ಜಿಪ್ಸಿ

ಮಾರುತಿ 1985ರಲ್ಲಿ ತಂದ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್, ನಾಲ್ಕು ಗೇರ್. ಅದನ್ನು ಈಗ ಪ್ರೀತಿಗೆ ಕೊಳ್ಳಬಹುದು, ಕೆಲಸಕ್ಕೆ ಬೇಡ. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು, ಕಾರ್ಬುರೇಟರ್‌ನದು, 60 ಎಚ್‌ಪಿ. 2000ದಲ್ಲಿ ಅದೇ ಗಾತ್ರದ ಹದಿನಾರು ವಾಲ್ವ್‌ನ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಕೂತು 80 ಎಚ್‌ಪಿ ಆಯಿತು. 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುವುದು ನಿಂತಿತು. ಹುಡುಕಬೇಕಾದದ್ದು ಈ ಎಂಪಿಎಫ್‌ಐ ಕಿಂಗ್ ಅನ್ನೇ.

ಇದರ ಗುಣವೆಲ್ಲ ತೂಕದಲ್ಲಿದೆ. ಬಟ್ಟೆ ಹುಡ್‌ನ ಜಿಪ್ಸಿ ಒಂದು ಟನ್ ಕೂಡ ತೂಗುವುದಿಲ್ಲ, 985 ಕೆಜಿ. ಮಳೆಗಾಲದ ಕೆಂಪು ಜೇಡಿಯಲ್ಲಿ ಭಾರದ ಗಾಡಿ ಹೂತುಕೊಳ್ಳುವ ಜಾಗದಲ್ಲಿ ಇದು ಮೇಲಿಂದ ಮೇಲೆ ಹೋಗಿಬಿಡುತ್ತದೆ. ಒಂದುವೇಳೆ ಹೂತರೂ ನಾಲ್ಕು ಜನ ಸೇರಿ ಒಂದೊಂದು ತುದಿಯನ್ನೇ ಎತ್ತಿ ಪಕ್ಕಕ್ಕೆ ಸರಿಸಬಹುದು. ಲೋ ಗೇರ್‌ನಲ್ಲಿ (ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಫೋರ್ ವೀಲ್ ಗೇರ್) ಏರು ಹತ್ತುವಾಗ ಎಂಜಿನ್ ತುಸು ಕೂಗಿಸಬೇಕು, ಡೀಸೆಲ್ ಜೀಪಿನ ಹಾಗೆ ಕೆಳಗಿನ ಆರ್‌ಪಿಎಂನಲ್ಲಿ ಎಳೆಯುವ ತಾಕತ್ತು ಇದಕ್ಕಿಲ್ಲ. ಯೂರಿಯಾ ಮೂಟೆ ಈಗ 45 ಕೆಜಿ. ಆರೇಳು ಮೂಟೆ ಆಗಬಹುದು, ಅದಕ್ಕಿಂತ ಹೆಚ್ಚು ಹೇರಿದರೆ ಹಿಂದಿನ ಪ್ಲೇಟು (ಲೀಫ್ ಸ್ಪ್ರಿಂಗ್) ಬೆನ್ನು ಬಗ್ಗಿಸುತ್ತದೆ.

ದೂರುಗಳೂ ಕಮ್ಮಿಯಿಲ್ಲ. ಲೀಟರಿಗೆ ಹತ್ತು ಹನ್ನೊಂದು ಕಿಲೋಮೀಟರ್ ಕೊಟ್ಟರೆ ಸಂತೋಷಪಡಿ, ಲೋ ಗೇರ್ ಕೆಲಸದಲ್ಲಿ ಅದೂ ಇಲ್ಲ. ಖಾಲಿ ಓಡಿಸಿದರೆ ಕುಣಿತ ವಿಪರೀತ, ಪಕ್ಕಕ್ಕೆ ಮುಖ ಮಾಡಿದ ಹಿಂದಿನ ಸೀಟಿನಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯುವ ಯೋಚನೆ ಬಿಟ್ಟುಬಿಡಿ. ಪಂಪುಗಳಲ್ಲಿ ಈಗ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್, ಹಳೆ ರಬ್ಬರ್ ಪೈಪು ಮತ್ತು ಗ್ಯಾಸ್ಕೆಟ್‌ಗಳನ್ನು ಅದು ಬೇಗ ಮೆತ್ತಗೆ ಮಾಡುತ್ತದೆ. ಕೊಂಡ ದಿನವೇ ಟ್ಯಾಂಕಿನಿಂದ ಎಂಜಿನ್‌ವರೆಗಿನ ಪೈಪುಗಳನ್ನೆಲ್ಲ ಹೊಸದು ಹಾಕಿಸಿ, ಖರ್ಚು ಅಲ್ಪ.

ಜಿಪ್ಸಿಯಲ್ಲಿ ವಿಶೇಷವಾಗಿ ನೋಡಬೇಕಾದದ್ದು ಟ್ರಾನ್ಸ್‌ಫರ್ ಕೇಸ್, ಎಂದರೆ ಗೇರ್‌ಬಾಕ್ಸಿನ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ. ಗೇರ್‌ಬಾಕ್ಸ್‌ಗೆ ಅಂಟಿಕೊಳ್ಳದೆ ಬೇರೆಯಾಗಿ ಮೂರು ರಬ್ಬರ್ ಮೌಂಟ್‌ಗಳ ಮೇಲೆ ತೂಗುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟು. ಮೌಂಟ್ ಸವೆದರೆ ಆಕ್ಸಿಲರೇಟರ್ ಕೊಟ್ಟಾಗೊಮ್ಮೆ ಬಿಟ್ಟಾಗೊಮ್ಮೆ ಕಾಲಡಿಯಲ್ಲಿ 'ಧಡ್' ಎನ್ನುತ್ತದೆ, ಫೋರ್ ವೀಲ್ ಲಿವರ್ ತಾನಾಗಿ ಜಾರುತ್ತದೆ. "ಗೇರ್‌ಬಾಕ್ಸ್ ಹೋಗಿದೆ" ಎಂದು ಮಾಲೀಕರೇ ನಂಬಿ ಕಮ್ಮಿಗೆ ಮಾರುವುದುಂಟು. ಮೌಂಟ್ ಮಾತ್ರ ಹೋಗಿದ್ದರೆ ಅದು ನಿಮಗೆ ಲಾಭದ ವ್ಯಾಪಾರ. ಅಡಿಗೆ ಮಲಗಿ ಟ್ರಾನ್ಸ್‌ಫರ್ ಕೇಸನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿ ನೋಡಿದರೆ ತಿಳಿದುಹೋಗುತ್ತದೆ.

ಎಂಎಂ540, ಮೇಜರ್, ಕಮಾಂಡರ್

ಹಳ್ಳಿಯಲ್ಲಿ ಜೀಪು ಎಂದರೆ ಮಹೀಂದ್ರಾದ ಇವೇ. ಎಂಎಂ540ರಲ್ಲಿ ಇದ್ದದ್ದು 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್, 62 ಎಚ್‌ಪಿ. ಮೇಜರ್‌ನಲ್ಲಿ ಮತ್ತು ನಂತರದ ಹಲವು ಕಮಾಂಡರ್‌ಗಳಲ್ಲಿ 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್. ಕೆಲಸಕ್ಕೆ ಡಿಐ ಮೇಲು. ಪ್ಯೂಜೊ ಮೆತ್ತಗೆ ಓಡುತ್ತದೆ, ಸದ್ದೂ ಕಮ್ಮಿ. ಆದರೆ ಚಳಿಗಾಲದ ಬೆಳಿಗ್ಗೆ ಹೀಟರ್ ಪ್ಲಗ್ ನಾಲ್ಕೂ ಸರಿಯಿಲ್ಲದಿದ್ದರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಬಿಸಿಯಾದರೆ ಹೆಡ್‌ಗೆ ಅಪಾಯ. ಡಿಐ ಗಲಾಟೆಯ ಎಂಜಿನ್, ನಡುಕವೂ ಜಾಸ್ತಿ, ಆದರೆ ಎಂಥ ಊರಿನ ಮೆಕ್ಯಾನಿಕ್‌ಗೂ ಅದರ ಬೋಲ್ಟ್ ಬೋಲ್ಟೂ ಗೊತ್ತು. ಮೆಕ್ಯಾನಿಕಲ್ ಪಂಪ್ ಇರುವುದರಿಂದ ತೋಟದ ಡ್ರಮ್ಮಿನಲ್ಲಿ ಇಟ್ಟ ಡೀಸೆಲ್ಲಿನ ಅಲ್ಪಸ್ವಲ್ಪ ಕಸವನ್ನೂ ಸಹಿಸಿಕೊಳ್ಳುತ್ತದೆ.

ಕಮಾಂಡರ್ ನೋಡುವಾಗ ಒಂದು ಎಚ್ಚರ. ಬಹಳಷ್ಟು ಕಮಾಂಡರ್‌ಗಳು ಟೂ ವೀಲ್ ಡ್ರೈವ್. ಮುಂದಿನ ಆಕ್ಸಲ್‌ನಲ್ಲಿ ಗುಂಡನೆಯ ಹೌಸಿಂಗ್ (ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್ ಗೇರುಗಳ ಕವಚ) ಇಲ್ಲದೆ ಬರೀ ಬೀಮ್ ಇದ್ದರೆ ಅದು ಟೂ ವೀಲ್. ಎರಡನೆಯದು, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕಳಚಿಟ್ಟಿರುವ ಫೋರ್ ವೀಲ್ ಗಾಡಿಗಳು. ಮೈಲೇಜ್ ಸಿಗಲಿ ಎಂದು ಬಿಚ್ಚಿ ಮೂಲೆಗೆ ಹಾಕಿರುತ್ತಾರೆ, ಮಾರುವಾಗ "ಮನೇಲಿದೆ, ಕೊಡ್ತೀನಿ" ಎನ್ನುತ್ತಾರೆ. ಶಾಫ್ಟ್ ಹಾಕಿಸಿ, ಓಡಿಸಿ ನೋಡಿ, ಆಮೇಲೆ ಮಾತಾಡಿ. ವರ್ಷಗಟ್ಟಲೆ ತಿರುಗದೆ ನಿಂತ ಮುಂದಿನ ಡಿಫರೆನ್ಶಿಯಲ್‌ನ ಒಳಗೆ ನೀರು ಸೇರಿ ಬೇರಿಂಗ್ ತುಕ್ಕು ಹಿಡಿದಿರುವುದೇ ಹೆಚ್ಚು.

ಈ ಜೀಪುಗಳಲ್ಲಿ ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗದ ಚಾಸಿಸ್ ಸೀಳುವುದು ಹಳೆಯ ರೋಗ. ಮೂಲದ ಕಿರಿದಾದ 6.00-16 ಟೈರ್ ತೆಗೆದು ಅಗಲದ ಟೈರ್ ಹಾಕಿದ ಗಾಡಿಯಲ್ಲಿ ಇದು ಇನ್ನೂ ಬೇಗ ಬರುತ್ತದೆ. ಒಬ್ಬರು ನಿಂತಲ್ಲೇ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ತಿರುಗಿಸುತ್ತಿರಲಿ, ಇನ್ನೊಬ್ಬರು ಬಾಕ್ಸ್‌ನ ಬುಡಕ್ಕೆ ಟಾರ್ಚ್ ಬಿಡಿ. ಚಾಸಿಸ್ ತಗಡು ಉಸಿರಾಡಿದಂತೆ ಒಳಗೆ ಹೊರಗೆ ಆಡಿದರೆ ಬಿರುಕಿದೆ ಎಂದೇ ಲೆಕ್ಕ. ಪೇಂಟ್ ಒಡೆದು ಕಂದು ಗೆರೆ ಕಂಡರೂ ಅಷ್ಟೇ.

ಪ್ರವಾಸಿಗರನ್ನು ಬೆಟ್ಟಕ್ಕೂ ಜಲಪಾತಕ್ಕೂ ಹೊತ್ತು ದುಡಿದ ಹಳದಿ ಬೋರ್ಡಿನ ಜೀಪು ಬಿಳಿ ಬೋರ್ಡಾಗಿ ಮಾರಾಟಕ್ಕೆ ಬರುವುದುಂಟು. ಹತ್ತು ಜನ ಹೇರಿಕೊಂಡು ದಿನಕ್ಕೆ ಹಲವು ಸಲ ಲೋ ಗೇರ್‌ನಲ್ಲಿ ಹತ್ತಿ ಇಳಿದ ಗಾಡಿ ಅದು. ಕ್ಲಚ್, ಹೌಸಿಂಗ್, ಪ್ಲೇಟು ಯಾವುದೂ ಸುಖವಾಗಿರುವುದಿಲ್ಲ. ಬೆಲೆ ತೀರಾ ಇಳಿದರೆ ಮಾತ್ರ ನೋಡಿ.

ಹಳೆ ಥಾರ್

2010ರಲ್ಲಿ ಬಂದು 2020ರ ಹೊಸ ಮಾದರಿಯ ತನಕ ನಡೆದ ಥಾರ್‌ನಲ್ಲಿ ಎರಡು ಜಾತಿ, ಎರಡಕ್ಕೂ ಹೆಸರೊಂದೇ ಆದರೂ ಗಾಡಿ ಬೇರೆಬೇರೆ. ಡಿಐ ಎನ್ನುವುದು ಅದೇ 2523 ಸಿಸಿ ಎಂಜಿನ್, ಮುಂದೆಯೂ ಹಿಂದೆಯೂ ಪ್ಲೇಟು, ಏಸಿ ಗೀಸಿ ಇಲ್ಲ, 63 ಎಚ್‌ಪಿ. ಇದೂ ಟೂ ವೀಲ್‌ನಲ್ಲಿ ಬಂದಿತ್ತು, ಲಿವರ್ ಎಣಿಸಿ ಕೊಳ್ಳಿ. ಸಿಆರ್‌ಡಿಇ ಎಂದರೆ 2498 ಸಿಸಿ, 105 ಎಚ್‌ಪಿ, 247 ನ್ಯೂಟನ್ ಮೀಟರ್ ಟಾರ್ಕ್. ಅದರ ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್, ಟಾರ್ಷನ್ ಬಾರ್‌ನದು (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು). ಹಿಂದೆ ಪ್ಲೇಟು.

ಎಳೆಯುವ ಶಕ್ತಿಯಲ್ಲಿ ಈ ಬಜೆಟ್ಟಿನ ಒಳಗೆ ಸಿಆರ್‌ಡಿಇಯನ್ನು ಯಾವುದೂ ಮೀರಿಸುವುದಿಲ್ಲ. ಗೊಬ್ಬರ ತುಂಬಿಕೊಂಡು ಲೋ ಸೆಕೆಂಡ್‌ನಲ್ಲಿ ಕಾಲು ತೆಗೆದರೂ ಹತ್ತುತ್ತದೆ. 2015ರ ಬದಲಾವಣೆಯ ನಂತರದ್ದಕ್ಕೆ ಹಿಂದಿನ ಆಕ್ಸಲ್‌ನಲ್ಲಿ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಶಿಯಲ್ ಇದೆ. ಒಂದು ಚಕ್ರ ಸುಮ್ಮನೆ ತಿರುಗಲು ಶುರುವಾದರೆ ತಾನೇ ಲಾಕ್ ಆಗುತ್ತದೆ, ಗುಂಡಿ ಒತ್ತುವ ಕೆಲಸವಿಲ್ಲ. ಕೊರಕಲು ದಾಟುವಾಗ ಒಂದು ಚಕ್ರ ಗಾಳಿಯಲ್ಲಿ ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ. ದುಡ್ಡು ಸಾಲುವುದಾದರೆ 2015ರ ನಂತರದ್ದನ್ನೇ ಹುಡುಕಿ.

ಹಾಳಾಗುವುದೂ ಹೇಳಬೇಕು. ಎಂಜಿನ್ ಕಾಮನ್ ರೈಲ್ (ಡೀಸೆಲನ್ನು ಭಾರಿ ಒತ್ತಡದಲ್ಲಿ ಸೂಕ್ಷ್ಮ ಇಂಜೆಕ್ಟರ್‌ಗಳಿಂದ ಚಿಮ್ಮಿಸುವ ಬಗೆ) ಆದ್ದರಿಂದ ನೀರು ಬೆರೆತ ಡೀಸೆಲ್ ಇದಕ್ಕೆ ವಿಷ. ತೋಟದ ಶೆಡ್ಡಿನಲ್ಲಿ ಅರ್ಧ ಖಾಲಿ ಡ್ರಮ್ ಇಟ್ಟರೆ ರಾತ್ರಿಯ ತಂಪಿಗೆ ಒಳಗೆ ಹನಿ ಕಟ್ಟಿ ತಳದಲ್ಲಿ ನೀರು ನಿಲ್ಲುತ್ತದೆ. ಅದನ್ನೇ ಗಾಡಿಗೆ ಸುರಿದರೆ ಇಂಜೆಕ್ಟರ್ ನಾಲ್ಕೂ ಒಟ್ಟಿಗೆ ಕೈಕೊಡಬಹುದು, ಬಿಲ್ ಬಜೆಟ್ಟಿನ ಮುಖ ನೋಡುವುದಿಲ್ಲ. ನೋಡಲು ಹೋದಾಗ ಡೀಸೆಲ್ ಫಿಲ್ಟರಿನ ಅಡಿಯ ಡ್ರೈನ್ ಬಿಚ್ಚಿಸಿ, ಗಾಜಿನ ಲೋಟದಲ್ಲಿ ಹಿಡಿದು ಐದು ನಿಮಿಷ ಬಿಡಿ. ತಳದಲ್ಲಿ ನೀರಿನ ಪದರ ಕಂಡರೆ ಇಂಜೆಕ್ಟರ್ ರಿಟರ್ನ್ ಟೆಸ್ಟ್ ಮಾಡಿಸದೆ ಮುಂಗಡ ಕೊಡಬೇಡಿ.

ಮುಂದಿನ ಭಾಗ ಎತ್ತರವಾಗಿ ಕಾಣಲಿ ಎಂದು ಟಾರ್ಷನ್ ಬಾರ್‌ನ ಬೋಲ್ಟ್ ಬಿಗಿ ಮಾಡಿರುವ ಥಾರ್ ಬೇಕಾದಷ್ಟಿವೆ. ನೋಡಲು ಚೆಂದ, ಆದರೆ ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ, ಆಕ್ಸಲ್ ಶಾಫ್ಟಿನ ರಬ್ಬರ್ ಬೂಟು ಹರಿಯುತ್ತದೆ, ಅಲ್ಲಿಂದ ಗ್ರೀಸ್ ಹೊರಗೆ, ಕೆಸರು ಒಳಗೆ. ಬೂಟಿನ ಮಡಿಕೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿ, ಹೊರಗಿನಿಂದ ಸರಿಯಾಗಿ ಕಂಡು ಮಡಿಕೆಯ ಆಳದಲ್ಲಿ ಸೀಳಿರುತ್ತದೆ. ತುಕ್ಕಿನ ವಿಷಯದಲ್ಲಿ ಮೊದಲ ವರ್ಷಗಳ ಥಾರ್ ಕೂಡ ಜಿಪ್ಸಿಗೆ ಸಮ.

ಉಳಿದವು ಬೇಗ ಹೇಳಿ ಮುಗಿಸಬಹುದು. ಬೊಲೆರೋ ಕ್ಯಾಂಪರ್ ಫೋರ್ ವೀಲ್ ಸಿಕ್ಕರೆ ಮೂಟೆ ಸಾಗಿಸುವವರಿಗೆ ಅದೇ ಸರಿ, ಆದರೆ ಉದ್ದದ ಗಾಡಿ, ತೋಟದೊಳಗಿನ ತಿರುವುಗಳಲ್ಲಿ ಹಿಂದೆ ಮುಂದೆ ಮಾಡಲೇಬೇಕು. ಆನೆ ಓಡಾಡುವ ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ದಾರಿಯಲ್ಲಿ ಇದು ಸಣ್ಣ ಮಾತಲ್ಲ. 2021ಕ್ಕೆ ಮೊದಲಿನ ಫೋರ್ಸ್ ಗೂರ್ಖಾದ ಕೆಲವು ಮಾದರಿಗಳಿಗೆ ಮುಂದೆ ಹಿಂದೆ ಎರಡೂ ಡಿಫರೆನ್ಶಿಯಲ್ ಲಾಕ್ ಇದೆ, ಕೆಸರಲ್ಲಿ ರಾಜ. ಬಿಡಿಭಾಗಕ್ಕೆ ಮಾತ್ರ ಪೇಟೆ ಪೇಟೆ ಅಲೆಯಬೇಕು, ಹಾಗಾಗಿ ಒಂದೇ ಗಾಡಿ ಇರುವ ಮನೆಗೆ ಹೇಳುವುದಿಲ್ಲ.

ಅಡಿಗೆ ಮಲಗಿ ನೋಡುವುದು

ಒಂದು ಸಣ್ಣ ಸುತ್ತಿಗೆ, ದಪ್ಪ ಸ್ಕ್ರೂಡ್ರೈವರ್, ಟಾರ್ಚು, ಬಟ್ಟೆ ಸುತ್ತಿದ ಅಯಸ್ಕಾಂತ, ಜ್ಯಾಕು, ಮಲಗಲು ಗೋಣಿಚೀಲ. ಇಷ್ಟಿಲ್ಲದೆ ನೋಡಲು ಹೋಗುವುದು ಬೇಡ. ಮಾರುವವರು ಚಾಸಿಸ್‌ಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಸುತ್ತಿಗೆ ಇನ್ನೂ ಅಗತ್ಯ. ಗಟ್ಟಿ ಕಬ್ಬಿಣ 'ಟಣ್' ಎನ್ನುತ್ತದೆ, ತುಕ್ಕು ತಿಂದದ್ದು 'ಬದ್' ಎನ್ನುತ್ತದೆ. ಬದ್ ಎಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ.

ಜಿಪ್ಸಿಯ ಚಾಸಿಸ್ ಮುಚ್ಚಿದ ಪೆಟ್ಟಿಗೆಯ ಹಾಗಿರುತ್ತದೆ. ಒಳಗೆ ಸೇರಿದ ಕೆಸರು ಹೊರಗೆ ಬರಲು ಅಲ್ಲಲ್ಲಿ ತೂತುಗಳಿವೆ, ಅವು ಕಟ್ಟಿಕೊಂಡರೆ ಒಳಗಿನ ಹಸಿ ಬೇಸಿಗೆಯಲ್ಲೂ ಆರುವುದಿಲ್ಲ. ಹಿಂದಿನ ಚಕ್ರದ ಹಿಂಭಾಗ, ಪ್ಲೇಟಿನ ಶ್ಯಾಕಲ್ ಕೂತಿರುವ ಜಾಗ, ಇದು ಮೊದಲು ಹೋಗುವ ಜಾಗ. ತೂತಿಗೆ ತಂತಿ ಹಾಕಿ ಕೆದಕಿ. ಒಣ ಮಣ್ಣು ಬಿದ್ದರೆ ಪರವಾಗಿಲ್ಲ, ಪದರ ಪದರವಾಗಿ ತುಕ್ಕಿನ ಚಕ್ಕೆ ಬಿದ್ದರೆ ಗೋಣಿಚೀಲ ಮಡಚಿ ಮನೆಗೆ ಹೊರಡಬಹುದು. ನಡುಭಾಗದಲ್ಲಿ ಒಂದು ತೇಪೆ ಹಾಕಿ ಚೆನ್ನಾಗಿ ವೆಲ್ಡ್ ಮಾಡಿದ್ದರೆ ಸಹಿಸಬಹುದು. ಪ್ಲೇಟಿನ ಹ್ಯಾಂಗರ್ ಹತ್ತಿರ, ಸ್ಟೀರಿಂಗ್ ಬಾಕ್ಸ್ ಹತ್ತಿರ ವೆಲ್ಡ್ ಕಂಡರೆ ಬೇಡವೇ ಬೇಡ. ಮುಂದಿನ ಅಡ್ಡಪಟ್ಟಿ ಬಾಗಿದ್ದರೆ ಲಾರಿ, ಮರ ಎಳೆದ ಗಾಡಿ ಎಂದು ತಿಳಿಯಿರಿ. ಮ್ಯಾಟ್ ಎತ್ತಿ ಕಾಲಿಡುವ ತಗಡು, ಬಾಗಿಲಿನ ತಳ, ಮುಂದಿನ ಗ್ಲಾಸ್ ಫ್ರೇಮಿನ ಬುಡ ನೋಡಿ. ಅಯಸ್ಕಾಂತ ಹಿಡಿಯದ ಜಾಗದಲ್ಲಿ ಇರುವುದು ಪುಟ್ಟಿ.

ಮುಂದಿನ ಚಕ್ರದ ಪರೀಕ್ಷೆಯನ್ನು ಬಹಳ ಜನ ಅರ್ಧಕ್ಕೇ ಬಿಡುತ್ತಾರೆ. ಚಕ್ರ ಎತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಒಳಗೆ ಹೊರಗೆ ಅಲ್ಲಾಡಿಸಿ. ಆಟ ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್, ಬಿಗಿ ಮಾಡಿದರೆ ಸಾಕು ಅಥವಾ ಅಗ್ಗದ ಬದಲಾವಣೆ. ಒತ್ತಿದರೂ ಆಟ ಉಳಿದರೆ ಕಿಂಗ್ ಪಿನ್ (ಸ್ಟೀರಿಂಗ್‌ಗೆ ಚಕ್ರ ಹೊರಳುವ ಗೂಟ), ಕೆಲಸ ದೊಡ್ಡದು. ಅಕ್ಕಪಕ್ಕ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ಟೈ ರಾಡ್. ಐವತ್ತರ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದ ಕೂಡಲೆ ಸ್ಟೀರಿಂಗ್ ಗಡಗಡ ನಡುಗುವ ರೋಗಕ್ಕೆ ಬಹುತೇಕ ಇವೇ ಕಾರಣ, ಮಾರುವವರು ಹೇಳುವ ಹಾಗೆ ಬರೀ ವೀಲ್ ಬ್ಯಾಲೆನ್ಸಿಂಗ್ ಅಲ್ಲ.

ಅದೇ ಜಾಗದಲ್ಲಿ ಜಿಪ್ಸಿ ಮತ್ತು ಹಳೆ ಜೀಪಿನ ಆಕ್ಸಲ್ ತುದಿಗೆ ತೆಂಗಿನಕಾಯಿ ಗಾತ್ರದ ನುಣುಪಾದ ಉಕ್ಕಿನ ಗುಂಡು ಕಾಣುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಅದರ ಹಿಂಭಾಗವನ್ನು ಬಟ್ಟೆಯಲ್ಲಿ ಒರೆಸಿ ನೋಡಿ. ಕನ್ನಡಿಯಂತೆ ಹೊಳೆದು ತೆಳ್ಳಗೆ ಗ್ರೀಸ್ ಸವರಿದಂತಿದ್ದರೆ ಒಳ್ಳೆಯದು. ಗುಳಿ ಗುಳಿಯಾಗಿ ತುಕ್ಕು ಕೊರೆದಿದ್ದರೆ ಹೊಸ ಸೀಲ್ ಹಾಕಿದರೂ ಆ ಗುಳಿಗಳೇ ಅರದಂತೆ ಉಜ್ಜಿ ಕೆಲವೇ ತಿಂಗಳಲ್ಲಿ ಹರಿಯುತ್ತವೆ. ತೆಳ್ಳಗಿನ ಎಣ್ಣೆ ಧಾರಾಳವಾಗಿ ಇಳಿದಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿ ಹೌಸಿಂಗಿನ ಗೇರ್ ಎಣ್ಣೆ ಬಂದು ಗ್ರೀಸನ್ನು ತೊಳೆದಿದೆ ಎಂದರ್ಥ. ಒಳಗಿನ ಜಾಯಿಂಟ್ ಒಣಗಿ ಓಡುತ್ತಿದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಫೋರ್ ವೀಲ್‌ನಲ್ಲಿ ಮಣ್ಣಿನ ಮೇಲೆ ನಿಧಾನಕ್ಕೆ ಓಡಿಸಿದಾಗ 'ಟಕ್ ಟಕ್' ಸದ್ದು ಬಂದರೆ ಅನುಮಾನ ಖಚಿತ.

ಎರಡೂ ಹೌಸಿಂಗಿನ ಫಿಲ್ಲರ್ ಪ್ಲಗ್ ಬಿಚ್ಚಿಸಿ ಬೆರಳಿಟ್ಟು ನೋಡಿ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬಿಸಿ ಹೌಸಿಂಗ್ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡುವ ತೂತು) ಕಟ್ಟಿಕೊಂಡಿದ್ದರೆ ಸೀಲ್ ಮೂಲಕವೇ ನೀರನ್ನು ಎಳೆದುಕೊಳ್ಳುತ್ತದೆ. ಸಣ್ಣ ಹೊಳಪಿನ ಪುಡಿ ಇದ್ದರೆ ಸಹಜ ಸವೆತ. ಉಗುರಿಗೆ ಸಿಗುವಂಥ ಚೂರು ಸಿಕ್ಕರೆ ಒಳಗಿನ ಮುಖ್ಯ ಗೇರುಗಳಾದ ಕ್ರೌನ್ ಪಿನಿಯನ್ ಹೋಗಿದೆ.

ಫೋರ್ ವೀಲ್, ಎಂಜಿನ್

ಫೋರ್ ವೀಲ್ ಪರೀಕ್ಷೆ ಟಾರು ರಸ್ತೆಯಲ್ಲಿ ಮಾಡಬೇಡಿ. ಬಿಗಿಯಾದ ನೆಲದಲ್ಲಿ ತಿರುವು ತೆಗೆದರೆ ಮುಂದಿನ ಹಿಂದಿನ ಚಕ್ರಗಳ ವೇಗ ಹೊಂದದೆ ಗೇರುಗಳು ಬಿಗಿದುಕೊಳ್ಳುತ್ತವೆ, ಲಿವರ್ ಹೊರಗೆ ಬರುವುದೇ ಇಲ್ಲ. ಹುಲ್ಲು ಅಥವಾ ಸಡಿಲ ಮಣ್ಣಿನ ಏರು ಹುಡುಕಿ. ಮುಂದಿನ ಹಬ್‌ಗೆ ಲಾಕ್ ಇದ್ದರೆ ಎರಡನ್ನೂ ಕೈಯಲ್ಲಿ ತಿರುಗಿಸಿ ಹಾಕಿ, ಒಂದು ಹಿಡಿದುಕೊಂಡು ಇನ್ನೊಂದು ಹಿಡಿಯದಿದ್ದರೆ ಮುಂದಿನ ಆಕ್ಸಲ್ ಇದ್ದೂ ಇಲ್ಲದಂತೆ. ಲೋ ಹಾಕಿ ಫಸ್ಟ್ ಗೇರ್‌ನಲ್ಲಿ ಹತ್ತಿ. ಮೇಲಿನಿಂದ ಅದೇ ಗೇರ್‌ನಲ್ಲಿ, ಬ್ರೇಕ್ ಮುಟ್ಟದೆ, ಆಕ್ಸಿಲರೇಟರ್ ಬಿಟ್ಟು ಇಳಿಸಿ. ಸವೆದ ಟ್ರಾನ್ಸ್‌ಫರ್ ಕೇಸ್ ಹತ್ತುವಾಗ ಸುಮ್ಮನಿದ್ದು ಇಳಿಯುವಾಗ ಲಿವರ್ ಹೊರಗೆ ನೂಕುತ್ತದೆ. ಕಡಿದಾದ ಇಳುಕಲಿನಲ್ಲಿ ನ್ಯೂಟ್ರಲ್‌ಗೆ ಬಿದ್ದ ಜೀಪಿನಷ್ಟು ಭಯದ ವಸ್ತು ಇನ್ನೊಂದಿಲ್ಲ, ಆದ್ದರಿಂದ ಈ ಇಳಿಯುವ ಪರೀಕ್ಷೆಯನ್ನು ಬಿಡಬೇಡಿ.

ಎಂಜಿನ್ ತಣ್ಣಗಿರುವಾಗ ಹೋಗಿ. ಹೋದ ಕೂಡಲೆ ಬಾನೆಟ್ ಮುಟ್ಟಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ನಿಲ್ಲದ ನೀಲಿ ಹೊಗೆ ಎಣ್ಣೆ ಸುಡುತ್ತಿರುವುದಕ್ಕೆ, ಬಿಸಿಯಾದಮೇಲೂ ನಿಲ್ಲದ ಬಿಳಿ ಹೊಗೆ ಹೆಡ್ ಗ್ಯಾಸ್ಕೆಟ್ ಅಥವಾ ಇಂಜೆಕ್ಷನ್ ತೊಂದರೆಗೆ. ಓಡುತ್ತಿರುವ ಡೀಸೆಲ್ ಎಂಜಿನ್‌ನ ಆಯಿಲ್ ಮುಚ್ಚಳ ತೆಗೆದು ತಿರುವಿ ಮೇಲಿಡಿ. ಸಣ್ಣಗೆ ನಡುಗಿದರೆ ಸರಿ, ಎಗರಿ ಬಿದ್ದರೆ ಪಿಸ್ಟನ್ ರಿಂಗ್ ಮುಗಿದಿವೆ. ಆಮೇಲೆ ಉದ್ದದ ಏರಿನಲ್ಲಿ ಓಡಿಸಿ. ಚಿಕ್ಕಮಗಳೂರಿನವರಿಗೆ ಕೈಮರದ ಮೇಲಿನ ದಾರಿ, ಸಕಲೇಶಪುರದವರಿಗೆ ಮಾರನಹಳ್ಳಿಯಿಂದ ದೋಣಿಗಾಲ್‌ಗೆ ಬರುವ ಶಿರಾಡಿ ಘಾಟಿ ಸಾಕು. ಟೆಂಪರೇಚರ್ ಮುಳ್ಳು ಏರುತ್ತಲೇ ಹೋದರೆ ರೇಡಿಯೇಟರ್ ಒಳಗೆ ಕಟ್ಟಿದೆ. ಕೂಲೆಂಟ್ ಬದಲು ಬಾವಿ ನೀರು ಹಾಕುತ್ತ ಬಂದ ಗಾಡಿಗಳಲ್ಲಿ ಇದು ಸಾಮಾನ್ಯ.

ಮೀಟರ್ ಬಗ್ಗೆ ಇಷ್ಟು ಸಾಕು: ಸ್ಪೀಡೋಮೀಟರ್ ಕೇಬಲ್ ಕಳಚಿ ವರ್ಷಗಟ್ಟಲೆ ಓಡಿಸಬಹುದು. ಪೆಡಲ್ ರಬ್ಬರ್, ಸ್ಟೀರಿಂಗ್ ಹಿಡಿ, ಸೀಟಿನ ಅಂಚು ಹೇಳುವುದನ್ನು ನಂಬಿ.

ಅಲಂಕಾರ ಮಾಡಿದ ಜೀಪು, ಕಾಗದಪತ್ರ

ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹಳೆ ಜೀಪುಗಳನ್ನು ಕತ್ತರಿಸಿ ಹೊಸದರಂತೆ ಕಟ್ಟುವ ದೊಡ್ಡ ಉದ್ಯಮವೇ ಇದೆ. ಅಂಥ ಗಾಡಿಗಳು ಲಾರಿ ಹತ್ತಿ ಇಲ್ಲಿಗೂ ಬರುತ್ತವೆ. ಅಗಲ ಟೈರು, ಹೊಸ ಪೇಂಟು, ಕಡಿಮೆ ರೇಟು. ಕೊಳ್ಳಬೇಡಿ. ಮೂಲ ರೂಪ ಬದಲಾಯಿಸಿದ ವಾಹನಗಳ ವಿರುದ್ಧ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದ್ದೇ ಇದೆ. ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆ) ನಿಂತಾಗ ಸಿಕ್ಕಿಬೀಳುತ್ತೀರಿ. ಪ್ಯೂಜೊ ತೆಗೆದು ಡಿಐ ಕೂರಿಸಿದ ಗಾಡಿಯಲ್ಲಿ ಆರ್‌ಸಿಯ ಎಂಜಿನ್ ನಂಬರ್ ತಾಳೆಯಾಗದು, ಆರ್‌ಟಿಒ ಒಪ್ಪಿಗೆ ಪಡೆದು ಬರೆಸಿದ್ದರೆ ಮಾತ್ರ ಮಾತಾಡಿ. ಚಾಸಿಸ್ ನಂಬರಿನ ಅಂಕಿಗಳ ಸುತ್ತ ಗ್ರೈಂಡರ್ ಗುರುತು ಕಂಡರೆ ವ್ಯಾಪಾರ ಅಲ್ಲಿಗೇ ಮುಗಿಯಿತು.

ದೆಹಲಿ ಸುತ್ತಮುತ್ತ ಹಳೆ ಡೀಸೆಲ್, ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧದಿಂದ ಅಲ್ಲಿಯ ಜಿಪ್ಸಿ, ಥಾರ್ ಅಗ್ಗಕ್ಕೆ ಸಿಗುವುದುಂಟು. ಒಣ ಹವೆಯ ಚಾಸಿಸ್ ಬೇರೆ. ಆದರೆ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಗಣೆ, ಇಲ್ಲಿನ ಜೀವಾವಧಿ ತೆರಿಗೆ, ಮರುನೋಂದಣಿ ಎಲ್ಲ ಕೂಡಿಸಿ ಲೆಕ್ಕ ಹಾಕಿ. ಬಹಳ ಸಲ ಉಳಿತಾಯ ಕಾಗದದಲ್ಲೇ ಕರಗುತ್ತದೆ. ಮಿಲಿಟರಿ ಹರಾಜಿನ ಜಿಪ್ಸಿಗೆ ಫಾರಂ 21ರ ಮೂಲ ಮಾರಾಟ ಪ್ರಮಾಣಪತ್ರ ಬೇಕೇ ಬೇಕು, ಜೆರಾಕ್ಸ್ ನಂಬಿ ದುಡ್ಡು ಕೊಡಬೇಡಿ.

ನಮ್ಮ ರಾಜ್ಯದ ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಫಾರಂ 29, 30. ಸಾಲ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ಎಫ್‌ಸಿ, ವಿಮೆ, ಸಾಲ, ಬಾಕಿ ದಂಡ ನೋಡಿಕೊಳ್ಳಿ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ. 2022ರ ಏಪ್ರಿಲ್‌ನಿಂದ ಕಾರು, ಜೀಪಿಗೆ ಶುಲ್ಕ 5,000 ರೂಪಾಯಿ, 20 ವರ್ಷ ದಾಟಿದವಕ್ಕೆ 2025ರಲ್ಲಿ ಅದು 10,000 ಆಯಿತು. ಹಸಿರು ತೆರಿಗೆ ಬೇರೆ. ಎಫ್‌ಸಿ ಮುಗಿಯಲು ಆರು ತಿಂಗಳಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆಗೆ ಜನ ಕೂರಿಸಿಕೊಂಡು ಅಪಘಾತವಾದರೆ ವಿಮೆ ಕೈಹಿಡಿಯುವುದಿಲ್ಲ ಎನ್ನುವುದೂ ನೆನಪಿರಲಿ.

ಹಾಗಾದರೆ ಯಾವುದು? ಜನ ಮತ್ತು ಹಗುರ ಸಾಮಾನಿಗೆ, ಕಡಿದಾದ ಜಾರು ದಾರಿಗೆ, ಯಾವ ಅಲಂಕಾರವೂ ಇಲ್ಲದ ಎಂಪಿಎಫ್‌ಐ ಜಿಪ್ಸಿ. ಭಾರ ಹೊರುವುದು ಮುಖ್ಯವಾದರೆ, ಡೀಸೆಲನ್ನು ಪಂಪಿನಿಂದಲೇ ಹಾಕಿಸುವ ಶಿಸ್ತಿದ್ದರೆ, 2015ರ ನಂತರದ ಥಾರ್ ಸಿಆರ್‌ಡಿಇ. ಡ್ರಮ್ಮಿನ ಡೀಸೆಲ್ಲೇ ಗತಿ ಎಂದಾದರೆ ಡಿಐ ಎಂಜಿನ್‌ನ ಫೋರ್ ವೀಲ್ ಮೇಜರ್ ಅಥವಾ ಥಾರ್ ಡಿಐ. ಯಾವುದೇ ಕೊಂಡರೂ ಬಜೆಟ್ಟಿನ ಕಾಲುಭಾಗವನ್ನು ಮೊದಲ ರಿಪೇರಿಗೆ ಎತ್ತಿಡಿ. ಎಲ್ಲ ಎಣ್ಣೆ ಬದಲಿಸಿ (ಜಿಪ್ಸಿಯ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಹೌಸಿಂಗ್ ಸೇರಿ ಆರು ಲೀಟರ್ ಗೇರ್ ಎಣ್ಣೆ ಸಾಕು), ಬ್ರೇಕ್ ಡ್ರಮ್ ಬಿಚ್ಚಿ ತೊಳೆಸಿ, ಬ್ರೀದರ್ ಪೈಪನ್ನು ಬಾನೆಟ್ ಎತ್ತರಕ್ಕೆ ಏರಿಸಿ. ಚಾಸಿಸ್‌ಗೆ ಸುಟ್ಟ ಎಂಜಿನ್ ಎಣ್ಣೆ ಬಳಿಯುವ ಹಳೆ ರೂಢಿ ಬೇಡ, ಬುಷ್‌ಗಳ ರಬ್ಬರ್ ಉಬ್ಬಿ ಹಾಳಾಗುತ್ತದೆ. ಒಳಗಿನಿಂದ ಮೇಣದ ಸ್ಪ್ರೇ ಹೊಡೆಸಿ.

ನೋಡಲು ಹೋಗುವ ಕಾಲ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಮಳೆ ಆಗಷ್ಟೇ ಬಿಟ್ಟಿರುತ್ತದೆ, ಸೋರುವ ಸೀಲು, ಕಚ್ಚುವ ಬ್ರೇಕು, ಹುಡ್‌ನ ತೂತು ಎಲ್ಲ ಬಯಲಾಗಿರುತ್ತದೆ. ಕೊಯ್ಲಿಗೆ ಮುನ್ನ ದುಡ್ಡು ಬೇಕಾದವರು ಬೆಲೆಯಲ್ಲೂ ಮಾತಿಗೆ ಬರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ಗಾಡಿ ಕಪ್ಪು ಬಳಿದುಕೊಂಡು ನಿಂತಿರುತ್ತದೆ, ಮಳೆಗೆ ಮೊದಲು ಜೀಪು ಬೇಕೆಂದು ಬಂದವರು ಸಾಲಿನಲ್ಲಿರುತ್ತಾರೆ.